ಸಾರ್ಜೆಂಟ್ ವಿಲಿಯಂ ಕಾರ್ನಿ: ಪದೇ ಪದೇ ಕೇಳುವ ಪ್ರಶ್ನೆಗಳು

ಆಫೀಸ್ ಕೆಲಸದ ಮೇಲೆ ಬಾಸ್ಟನ್‌ಗೆ ಹೋಗಿದ್ದಾಗ ಒಂದು ಭಾನುವಾರ ಅಲ್ಲಿನ ದೊಡ್ಡ ಪಾರ್ಕಿನ ಅಂಚಲ್ಲಿರೋ ಕಂಚಿನ ಶಿಲ್ಪದ ಮುಂದೆ ನಿಂತಿದ್ದೆ. ಕುದುರೆ ಮೇಲೆ ಒಬ್ಬ ಬಿಳಿ ಕರ್ನಲ್, ಪಕ್ಕದಲ್ಲಿ ಬಂದೂಕು ಹೆಗಲಿಗೇರಿಸ್ಕೊಂಡು ನಡೀತಿರೋ ಕಪ್ಪು ಸೈನಿಕರು. ಆ ರೆಜಿಮೆಂಟ್ ಬಗ್ಗೆ ಓದ್ತಾ ಓದ್ತಾ ಕಾರ್ನಿ ಅನ್ನೋ ಹೆಸರು ಸಿಕ್ತು, ಯುದ್ಧದಲ್ಲಿ ಬಾವುಟ ಕಾಪಾಡಿದ ಸಾರ್ಜೆಂಟ್, ಆಮೇಲೆ 32 ವರ್ಷ ಪೋಸ್ಟ್‌ಮ್ಯಾನ್ ಅಂತ. ಪೋಸ್ಟ್‌ಮ್ಯಾನ್ ಅನ್ನೋ ಪದ ನೋಡಿದ್ದೇ ನಾನು ಅಲ್ಲೇ ಕೂತ್ಬಿಟ್ಟೆ. ನಮ್ಮಪ್ಪನೂ ಪೋಸ್ಟ್‌ಮ್ಯಾನ್, ಮಲೆನಾಡಲ್ಲಿ ಸೈಕಲ್ ಮೇಲೆ ಊರೂರು ಸುತ್ತಿ ರಿಟೈರ್ ಆದವರು. ಅವತ್ತಿಂದ ಈ ಮನುಷ್ಯನ್ನ ಬಿಡೋಕೆ ಆಗಿಲ್ಲ. ಸಿಕ್ಕವರಿಗೆಲ್ಲ ಹೇಳ್ತೀನಿ, ಅವರು ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ, ಹಾಗಾಗಿ ಎಲ್ಲಾ ಒಂದ್ಕಡೆ ಬರೆದಿಟ್ಟಿದ್ದೀನಿ.

ಯಾರು ಈ ಕಾರ್ನಿ? ಚಿಕ್ಕದಾಗಿ ಹೇಳಿ.

ವಿಲಿಯಂ ಹಾರ್ವಿ ಕಾರ್ನಿ. ಅಮೆರಿಕದಲ್ಲಿ ಗುಲಾಮರಾಗಿ ಹುಟ್ಟಿ, ಅಲ್ಲಿನ ಅಂತರ್ಯುದ್ಧದಲ್ಲಿ (ಗುಲಾಮಗಿರಿ ಬಿಡಲ್ಲ ಅಂತ ಬೇರೆಯಾದ ದಕ್ಷಿಣದ ರಾಜ್ಯಗಳಿಗೂ ಉತ್ತರದ ರಾಜ್ಯಗಳಿಗೂ ನಡೆದ ಯುದ್ಧ) ಉತ್ತರದ ಕಡೆಯ ಕಪ್ಪು ಜನರ ರೆಜಿಮೆಂಟ್ ಸೇರಿ, 1863ರ ಜುಲೈ 18ರ ರಾತ್ರಿ ದಕ್ಷಿಣದವರ ಫೋರ್ಟ್ ವ್ಯಾಗ್ನರ್ ಅನ್ನೋ ಕೋಟೆ ಮೇಲೆ ನಡೆದ ದಾಳಿಯಲ್ಲಿ, ಮೈತುಂಬಾ ಗಾಯ ಆದ್ರೂ ರಾಷ್ಟ್ರಧ್ವಜ ಬಿಡದೆ ವಾಪಸ್ ತಂದವರು. ಅದಕ್ಕೆ 1900ರಲ್ಲಿ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಮೆಡಲ್ ಆಫ್ ಆನರ್ ಬಂತು.

ಹುಟ್ಟಿದ್ದು ಎಲ್ಲಿ, ಯಾವಾಗ?

1840ರ ಫೆಬ್ರವರಿ 29, ವರ್ಜೀನಿಯಾ ರಾಜ್ಯದ ನಾರ್ಫೋಕ್ ಅನ್ನೋ ಬಂದರು ಊರಲ್ಲಿ. ಹೌದು, ಫೆಬ್ರವರಿ 29! ನಾಲ್ಕು ವರ್ಷಕ್ಕೊಂದು ಬರ್ತ್‌ಡೇ. ಇನ್ನೊಂದು ವಿಷಯ, 1900 ಅಧಿಕ ವರ್ಷ ಅಲ್ಲ, ಅಂದ್ರೆ ಪದಕ ಬಂದ ವರ್ಷ ಅವರಿಗೆ 60 ತುಂಬ್ತು ಆದ್ರೆ ಕ್ಯಾಲೆಂಡರ್‌ನಲ್ಲಿ ಹುಟ್ಟಿದ ದಿನಾನೇ ಇರ್ಲಿಲ್ಲ.

ಗುಲಾಮರಾಗಿದ್ದವರು ಹೊರಗೆ ಬಂದಿದ್ದು ಹೇಗೆ?

ಅಪ್ಪ ಮೊದಲು ತಪ್ಪಿಸ್ಕೊಂಡು ಉತ್ತರದ ಕಡೆ ಹೋದ್ರು, ಆಮೇಲೆ ಮನೆಯವರೆಲ್ಲ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಬೆಡ್‌ಫರ್ಡ್‌ನಲ್ಲಿ ಸೇರ್ಕೊಂಡ್ರು. ಆಗ ಅಂಡರ್‌ಗ್ರೌಂಡ್ ರೈಲ್‌ರೋಡ್ ಅಂತ ಒಂದು ಗುಟ್ಟಿನ ಜಾಲ ಇತ್ತು. ಹೆಸರು ಕೇಳಿ ಸುರಂಗದ ರೈಲು ಅಂದ್ಕೋಬೇಡಿ, ರೈಲೂ ಇಲ್ಲ ಹಳಿನೂ ಇಲ್ಲ. ತಪ್ಪಿಸ್ಕೊಂಡು ಬಂದ ಗುಲಾಮರನ್ನ ರಾತ್ರಿ ಹೊತ್ತು ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿಸ್ತಾ, ಅಟ್ಟದಲ್ಲಿ, ನೆಲಮಾಳಿಗೆಯಲ್ಲಿ, ಹಡಗಿನ ಸರಕಿನ ಮಧ್ಯೆ ಬಚ್ಚಿಡ್ತಾ ಉತ್ತರಕ್ಕೆ ಕಳಿಸ್ತಿದ್ದ ಜನರ ಸಾಲು ಅದು. ಸಿಕ್ಕಿಬಿದ್ರೆ ಸಹಾಯ ಮಾಡಿದವರಿಗೂ ಶಿಕ್ಷೆ. 1850ರ ಕಾನೂನಿನ ಪ್ರಕಾರ ಉತ್ತರದ ರಾಜ್ಯಗಳಲ್ಲಿ ಸಿಕ್ಕಿದ್ರೂ ಹಿಡಿದು ವಾಪಸ್ ಮಾಲೀಕನಿಗೆ ಒಪ್ಪಿಸಬೇಕಿತ್ತು, ಅಂದ್ರೆ ಉತ್ತರ ತಲುಪಿದ ಮಾತ್ರಕ್ಕೆ ನಿರಾಳ ಆಗೋ ಹಾಗಿರ್ಲಿಲ್ಲ.

ನ್ಯೂ ಬೆಡ್‌ಫರ್ಡೇ ಯಾಕೆ?

ತಿಮಿಂಗಿಲ ಬೇಟೆಗೆ ಆಗ ಇಡೀ ಪ್ರಪಂಚದಲ್ಲೇ ಹೆಸರಾಗಿದ್ದ ಬಂದರು ಅದು. ಹಡಗಲ್ಲಿ ವರ್ಷಗಟ್ಟಲೆ ದುಡಿಯೋಕೆ ಕೈಗಳು ಬೇಕಿತ್ತು, ಹಾಗಾಗಿ ಕಪ್ಪು ಜನಕ್ಕೂ ಕೆಲಸ ಸಿಗ್ತಿತ್ತು. ಜೊತೆಗೆ ಗುಲಾಮಗಿರಿಯನ್ನ ಗಟ್ಟಿಯಾಗಿ ವಿರೋಧಿಸ್ತಿದ್ದ ಕ್ವೇಕರ್ ಅನ್ನೋ ಕ್ರೈಸ್ತ ಪಂಥದವರು ಅಲ್ಲಿ ಜಾಸ್ತಿ ಇದ್ರು. ಗುಲಾಮಗಿರಿ ವಿರುದ್ಧ ದೊಡ್ಡ ದನಿಯಾಗಿದ್ದ ಫ್ರೆಡರಿಕ್ ಡಗ್ಲಸ್ ಕೂಡ 1838ರಲ್ಲಿ ತಪ್ಪಿಸ್ಕೊಂಡು ಬಂದು ಮೊದಲು ನೆಲೆ ಕಂಡಿದ್ದು ಇದೇ ಊರಲ್ಲಿ, ಡಗ್ಲಸ್ ಅನ್ನೋ ಹೆಸರು ಇಟ್ಕೊಂಡಿದ್ದೂ ಇಲ್ಲೇ.

ಓದು ಬರಹ ಕಲ್ತಿದ್ರಾ?

ಕಲ್ತಿದ್ರು, ಕದ್ದುಮುಚ್ಚಿ. ವರ್ಜೀನಿಯಾದಲ್ಲಿ ಕಪ್ಪು ಜನರನ್ನ ಸೇರಿಸಿ ಓದು ಹೇಳಿಕೊಡೋದು ಕಾನೂನುಬಾಹಿರ. ನಾರ್ಫೋಕ್‌ನಲ್ಲಿ ಒಬ್ಬ ಪಾದ್ರಿ ಗುಟ್ಟಾಗಿ ನಡೆಸ್ತಿದ್ದ ಶಾಲೆಗೆ 14ನೇ ವಯಸ್ಸಲ್ಲಿ ಹೋಗ್ತಿದ್ರು. ಅಕ್ಷರ ಕಲಿಯೋದೇ ಅಪರಾಧ ಅನ್ನೋ ಜಾಗದಲ್ಲಿ ಕಲಿತ ಹುಡುಗ ಮುಂದೆ ಮೂರು ದಶಕ ಜನರ ಕಾಗದಗಳನ್ನ, ವಿಳಾಸ ಓದಿ, ಮನೆಮನೆಗೆ ತಲುಪಿಸಿದ್ರು. ನನಗೆ ಇಡೀ ಕಥೆಯಲ್ಲಿ ತುಂಬಾ ಹಿಡಿಸಿದ್ದು ಇದೇ, ಬಾವುಟಕ್ಕಿಂತಲೂ.

ಪಾದ್ರಿ ಆಗ್ಬೇಕು ಅಂತ ಇದ್ರಂತೆ, ಸೈನ್ಯಕ್ಕೆ ಯಾಕೆ ಹೋದ್ರು?

ಹೌದು, ಚರ್ಚಿನ ಸೇವೆಗೆ ಹೋಗೋ ಮನಸ್ಸಿತ್ತು. 1863ರಲ್ಲಿ ಒಂದು ಪತ್ರಿಕೆಗೆ ಬರೆದ ಕಾಗದದಲ್ಲಿ ಅವರೇ ಹೇಳ್ತಾರೆ, ದೇಶ ಎಲ್ಲರನ್ನೂ ಕರೆದಾಗ, ನನ್ನ ದೇಶಕ್ಕೂ ತುಳಿತಕ್ಕೆ ಸಿಕ್ಕ ನನ್ನ ಅಣ್ಣತಮ್ಮಂದಿರಿಗೂ ದುಡಿಯೋದೇ ದೇವರ ಸೇವೆ ಅಂತ ಅನ್ನಿಸ್ತು ಅನ್ನೋ ಅರ್ಥದಲ್ಲಿ. ಅಲ್ಲೀವರೆಗೂ ಕಪ್ಪು ಜನ ಸೈನ್ಯ ಸೇರ್ತೀವಿ ಅಂದ್ರೂ ಸಾಮಾನ್ಯವಾಗಿ ಸೇರಿಸ್ಕೊಳ್ತಿರ್ಲಿಲ್ಲ. 1863ರ ಜನವರಿ 1ಕ್ಕೆ ದಂಗೆ ಎದ್ದ ದಕ್ಷಿಣದ ಗುಲಾಮರಿಗೆ ಬಿಡುಗಡೆ ಅಂತ ಸಾರಿದ ಅಧ್ಯಕ್ಷ ಲಿಂಕನ್ ಅವರ ವಿಮೋಚನಾ ಘೋಷಣೆ ಜಾರಿಗೆ ಬಂತು, ಅದರಲ್ಲೇ ಕಪ್ಪು ಜನರನ್ನ ಸೇನೆಗೆ ತಗೋತೀವಿ ಅಂತಲೂ ಇತ್ತು. ಫೆಬ್ರವರಿಯಲ್ಲಿ ಕಾರ್ನಿ ಹೆಸರು ಕೊಟ್ಟಾಯ್ತು. ವಯಸ್ಸು ಇನ್ನೇನು 23.

54ನೇ ಮ್ಯಾಸಚೂಸೆಟ್ಸ್ ಅಂತ ಎಲ್ಲಾ ಕಡೆ ಬರುತ್ತಲ್ಲ, ಏನದು?

ಮ್ಯಾಸಚೂಸೆಟ್ಸ್ ಗವರ್ನರ್ ಜಾನ್ ಆಂಡ್ರ್ಯೂ ಕಟ್ಟಿಸಿದ ಕಾಲ್ದಳದ ರೆಜಿಮೆಂಟ್. ಉತ್ತರದ ರಾಜ್ಯಗಳಲ್ಲಿ ಕಪ್ಪು ಸೈನಿಕರಿಗಾಗಿ ಕಟ್ಟಿದ ಮೊದಮೊದಲಿನ ರೆಜಿಮೆಂಟ್‌ಗಳಲ್ಲಿ ಒಂದು. ಸೈನಿಕರೆಲ್ಲ ಕಪ್ಪು ಜನ, ಅಧಿಕಾರಿಗಳು ಬಿಳಿಯರು, ಆಗಿನ ನಿಯಮ ಹಾಗಿತ್ತು. ಡಗ್ಲಸ್ ಅವರ ಇಬ್ಬರು ಗಂಡುಮಕ್ಕಳು, ಲೂಯಿಸ್ ಮತ್ತು ಚಾರ್ಲ್ಸ್, ಇದಕ್ಕೇ ಸೇರಿದ್ರು. ಕಾರ್ನಿ ಇದ್ದಿದ್ದು ಸಿ ಕಂಪನಿ, ನ್ಯೂ ಬೆಡ್‌ಫರ್ಡ್ ಹುಡುಗರು ಜಾಸ್ತಿ ಇದ್ದ ಕಂಪನಿ. ಕರ್ನಲ್ ರಾಬರ್ಟ್ ಗೂಲ್ಡ್ ಶಾ, ಬಾಸ್ಟನ್‌ನ ದೊಡ್ಡ ಮನೆತನದ ಹುಡುಗ, ಅವನಿಗೂ ಬರೀ 25.

ಬಾಸ್ಟನ್ ಹತ್ರ ರೆಡ್‌ವಿಲ್ ಅನ್ನೋ ಕಡೆ ಟ್ರೇನಿಂಗ್ ಆಯ್ತು. 1863ರ ಮೇ 28ಕ್ಕೆ ಬಾಸ್ಟನ್ ಬೀದಿಯಲ್ಲಿ, ಸ್ಟೇಟ್ ಹೌಸ್ ಅಂದ್ರೆ ಅಲ್ಲಿನ ವಿಧಾನಸೌಧದ ಮುಂದೆ, ಮಾರ್ಚ್ ಮಾಡ್ಕೊಂಡು ಹೋಗಿ ಹಡಗು ಹತ್ತಿದ್ರು. ಈ ಸ್ಟೇಟ್ ಹೌಸ್ ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

ಇನ್ನೊಂದು ಮಾತು ಹೇಳ್ಲೇಬೇಕು. ಇವರು ಸಾಮಾನ್ಯ ಸೈನಿಕರ ಥರ ಯುದ್ಧಕ್ಕೆ ಹೊರಟವರಲ್ಲ. ಕಪ್ಪು ಸೈನಿಕರು ಸೆರೆ ಸಿಕ್ಕಿದ್ರೆ ಯುದ್ಧಕೈದಿ ಅಂತ ನೋಡಲ್ಲ, ರಾಜ್ಯಗಳ ಕೈಗೆ ಒಪ್ಪಿಸ್ತೀವಿ ಅಂತ ದಕ್ಷಿಣದ ಸರ್ಕಾರ 1862ರ ಡಿಸೆಂಬರ್‌ನಲ್ಲೇ ಘೋಷಿಸಿತ್ತು. ಅಂದ್ರೆ ಸಿಕ್ಕಿಬಿದ್ರೆ ಮತ್ತೆ ಗುಲಾಮಗಿರಿ ಇಲ್ಲಾಂದ್ರೆ ಸಾವು. ಗುಲಾಮಗಿರಿಯಿಂದ ಆಚೆ ಬಂದ ಮನುಷ್ಯ ಅದೇ ದಕ್ಷಿಣಕ್ಕೆ ತಾನೇ ಕಾಲಿಟ್ಕೊಂಡು ವಾಪಸ್ ಹೋಗ್ತಿದ್ದಾನೆ, ಇದೆಲ್ಲಾ ಗೊತ್ತಿದ್ದೂ.

ಸಂಬಳದಲ್ಲಿ ಮೋಸ ಆಯ್ತಂತೆ, ನಿಜಾನಾ?

ನಿಜ. ಸೇರುವಾಗ ಬಿಳಿ ಸೈನಿಕರಷ್ಟೇ, ತಿಂಗಳಿಗೆ 13 ಡಾಲರ್ ಅಂದಿದ್ರು. ಆಮೇಲೆ 10 ಡಾಲರ್, ಅದರಲ್ಲೂ ಬಟ್ಟೆಗೆ ಅಂತ 3 ಕಟ್, ಕೈಗೆ 7 ಅಂದ್ರು. ರೆಜಿಮೆಂಟ್‌ಗೆ ರೆಜಿಮೆಂಟೇ ಬೇಡ ಅಂತ ಕೂತ್ಬಿಡ್ತು. ರಾಜ್ಯ ಸರ್ಕಾರ ವ್ಯತ್ಯಾಸದ ದುಡ್ಡು ನಾವು ತುಂಬ್ತೀವಿ ಅಂದ್ರೂ ಬೇಡ ಅಂದ್ರು, ಯಾಕಂದ್ರೆ ಪ್ರಶ್ನೆ ದುಡ್ಡಿಂದಾಗಿರ್ಲಿಲ್ಲ. ಮನೆಯಲ್ಲಿ ಹೆಂಡ್ತಿ ಮಕ್ಕಳು ಕಷ್ಟ ಪಡ್ತಿದ್ರೂ ಸಂಬಳ ಮುಟ್ಟದೆ ಯುದ್ಧ ಮಾಡಿದ್ರು. 1864ರ ಜೂನ್‌ನಲ್ಲಿ ಅಲ್ಲಿನ ಸಂಸತ್ತು ಸಮಾನ ಸಂಬಳದ ಕಾನೂನು ಮಾಡ್ತು. ಕಾರ್ನಿ ಫೋರ್ಟ್ ವ್ಯಾಗ್ನರ್ ಕಡೆ ಓಡಿದ್ದು ಈ ಜಗಳ ಇನ್ನೂ ಇತ್ಯರ್ಥ ಆಗದೆ ಇದ್ದಾಗ, ಇದನ್ನ ಮರೀಬಾರದು.

ಫೋರ್ಟ್ ವ್ಯಾಗ್ನರ್ ಎಲ್ಲಿದೆ? ಯಾಕೆ ಅಷ್ಟು ಮುಖ್ಯ?

ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರಿನ ಬಾಯಲ್ಲಿ ಮಾರಿಸ್ ಐಲೆಂಡ್ ಅಂತ ಒಂದು ಮರಳಿನ ದ್ವೀಪ, ಅದರ ಮೇಲಿದ್ದ ಕೋಟೆ. 1861ರಲ್ಲಿ ಅಂತರ್ಯುದ್ಧ ಶುರುವಾಗಿದ್ದೇ ಚಾರ್ಲ್ಸ್‌ಟನ್‌ನಿಂದ, ಹಾಗಾಗಿ ಆ ಊರು ಹಿಡಿಯೋದು ಉತ್ತರದವರಿಗೆ ಪ್ರತಿಷ್ಠೆಯ ವಿಷಯ. ಕೋಟೆ ಅಂದ್ರೆ ನಮ್ಮ ಚಿತ್ರದುರ್ಗದ ಥರ ಕಲ್ಲಿಂದಲ್ಲ, ಮರಳು ಮತ್ತು ಮರದ ದಿಮ್ಮಿ. ಮರಳು ಅಂತ ಸಸಾರ ಮಾಡಬೇಡಿ, ಕಲ್ಲಿನ ಗೋಡೆಗೆ ಫಿರಂಗಿ ಗುಂಡು ಬಿದ್ರೆ ಗೋಡೆ ಒಡೆಯುತ್ತೆ, ಮರಳಿಗೆ ಬಿದ್ರೆ ಗುಂಡೇ ಹೂತು ಹೋಗುತ್ತೆ.

ಅವತ್ತು ರಾತ್ರಿ ನಿಜವಾಗ್ಲೂ ಏನಾಯ್ತು?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು.

ಎರಡು ದಿನ ಮುಂಚೆ, ಜುಲೈ 16ಕ್ಕೆ, 54ನೇ ರೆಜಿಮೆಂಟ್ ಪಕ್ಕದ ಜೇಮ್ಸ್ ಐಲೆಂಡ್‌ನಲ್ಲಿ ಮೊದಲ ಸಲ ಕಾದಾಡಿತ್ತು. ಅಲ್ಲಿಂದ ಮಳೆಯಲ್ಲಿ, ಕೆಸರಲ್ಲಿ, ರಾತ್ರಿಯೆಲ್ಲಾ ನಡೆದು, ಸರಿಯಾಗಿ ಊಟ ನಿದ್ದೆ ಇಲ್ಲದೆ 18ನೇ ತಾರೀಕು ಸಂಜೆ ಮಾರಿಸ್ ಐಲೆಂಡ್‌ಗೆ ಬಂದ್ರು. ಅವತ್ತು ಬೆಳಗ್ಗೆಯಿಂದ ಹಡಗುಗಳಿಂದಲೂ ನೆಲದಿಂದಲೂ ಕೋಟೆ ಮೇಲೆ ಫಿರಂಗಿ ಹೊಡೆತ ನಡೀತಾನೇ ಇತ್ತು, ಒಳಗೆ ಯಾರೂ ಉಳಿದಿರಲ್ಲ ಅಂತ ದೊಡ್ಡ ಅಧಿಕಾರಿಗಳ ಲೆಕ್ಕ. ಆ ಲೆಕ್ಕ ಪೂರ್ತಿ ತಪ್ಪು. ಒಳಗಿದ್ದ ಸುಮಾರು 1,700 ಜನರಲ್ಲಿ ಹೆಚ್ಚಿನವರು ದಪ್ಪ ಮರಳಿನ ಛಾವಣಿ ಕೆಳಗೆ ಸೇಫಾಗಿ ಕೂತಿದ್ರು.

ಮುಂಚೂಣಿ ಜಾಗ 54ನೇ ರೆಜಿಮೆಂಟ್‌ಗೆ ಸಿಕ್ತು, ಸುಮಾರು 600 ಜನ. ದಾಳಿಗೆ ಮುಂಚೆ ಜನರಲ್ ಸ್ಟ್ರಾಂಗ್ ಬಂದು ಬಾವುಟ ಹಿಡಿದಿದ್ದವನ ಕಡೆ ಕೈ ತೋರಿಸಿ, ಈತ ಬಿದ್ರೆ ಬಾವುಟ ಎತ್ತಿ ಮುಂದಕ್ಕೆ ಒಯ್ಯೋರು ಯಾರು ಅಂತ ಕೇಳಿದ್ರು. ಪಕ್ಕದಲ್ಲಿದ್ದ ಕರ್ನಲ್ ಶಾ ಬಾಯಿಂದ ಚುಟ್ಟಾ ತೆಗೆದು ಮೆಲ್ಲಗೆ, ನಾನು, ಅಂದ್ರು.

ಕತ್ತಲಾಗ್ತಿದ್ದ ಹಾಗೆ ಹೊರಟ್ರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಜೌಗು, ಮಧ್ಯೆ ಕಿರಿದಾದ ಮರಳ ದಾರಿ, ಸಾಲಾಗಿ ಹೊರಟವರು ಅಲ್ಲಿ ಒತ್ತರಿಸ್ಕೊಂಡು ಹೋಗಬೇಕಾಯ್ತು. ಕೋಟೆ ಹತ್ರ ಬರೋವರೆಗೂ ಸುಮ್ಮನಿದ್ದು ಆಮೇಲೆ ಒಳಗಿನವರು ಒಮ್ಮೆಗೇ ಗುಂಡು ಸುರಿಸಿದ್ರು. ಬಾವುಟ ಹಿಡಿದಿದ್ದ ಸಾರ್ಜೆಂಟ್ ಜಾನ್ ವಾಲ್ ಬಿದ್ರು. ಕಾರ್ನಿ ತಮ್ಮ ಬಂದೂಕು ಎಸೆದು, ಬಾವುಟ ನೆಲ ಮುಟ್ಟೋಕೆ ಮುಂಚೆ ಹಿಡಿದು, ಸಾಲಿನ ಮುಂದೆ ಓಡಿದ್ರು. ಬಂದೂಕು ಎಸೆದ್ರು ಅನ್ನೋದು ಗಮನಿಸಿ! ಅದಾದ ಮೇಲೆ ಆ ರಾತ್ರಿಯೆಲ್ಲಾ ಕೈಯಲ್ಲಿದ್ದಿದ್ದು ಒಂದು ಕೋಲು ಮತ್ತೆ ಬಟ್ಟೆ, ಅಷ್ಟೇ.

ಕಂದಕ ದಾಟಿ, ಮರಳ ದಿಬ್ಬ ಹತ್ತಿ, ಕೋಟೆ ಗೋಡೆ ತುದಿಯಲ್ಲಿ ಬಾವುಟ ನೆಟ್ರು. ಅಲ್ಲೇ ಮೇಲೆ ಶಾ ಗುಂಡು ತಗುಲಿ ಸತ್ರು. ಸುತ್ತ ಇದ್ದವರು ಒಬ್ಬೊಬ್ಬರಾಗಿ ಉರುಳ್ತಾ ಹೋದ್ರು, ಕಾರ್ನಿ ಗೋಡೆಯ ಹೊರಗಿನ ಇಳಿಜಾರಲ್ಲಿ ಬಾವುಟ ಹಿಡ್ಕೊಂಡು ಮಂಡಿಯೂರಿ ಕೂತಿದ್ರು, ಸುಮಾರು ಅರ್ಧ ಗಂಟೆ. ಕತ್ತಲಲ್ಲಿ ಒಂದು ಗುಂಪು ಬರೋದು ಕಂಡಾಗ ನಮ್ಮವರೇ ಅಂದ್ಕೊಂಡ್ರು, ನೋಡಿದ್ರೆ ಶತ್ರುಗಳು. ತಕ್ಷಣ ಬಾವುಟವನ್ನ ಕೋಲಿಗೆ ಸುತ್ತಿ, ಸೊಂಟದ ಮಟ್ಟ ನೀರಿದ್ದ ಕಂದಕಕ್ಕೆ ಇಳಿದು ಹಿಂದಕ್ಕೆ ಹೊರಟ್ರು. ದಾರಿಯಲ್ಲಿ ಗುಂಡಿನ ಮೇಲೆ ಗುಂಡು ತಗುಲ್ತು. ನಡಿಯೋಕಾಗದೆ ಇದ್ದಾಗ 100ನೇ ನ್ಯೂಯಾರ್ಕ್ ರೆಜಿಮೆಂಟಿನ ಒಬ್ಬ ಸೈನಿಕ ಸಿಕ್ಕಿ ಕೈ ಹಿಡಿದು ನಡೆಸಿದ, ಬಾವುಟ ಕೊಡಿ ನಾನು ಹೊರ್ತೀನಿ ಅಂದ. ಕಾರ್ನಿ ಒಪ್ಪಲಿಲ್ಲ, 54ನೇ ರೆಜಿಮೆಂಟಿನವನಿಗೆ ಬಿಟ್ಟು ಬೇರೆ ಯಾರಿಗೂ ಇದನ್ನ ಕೊಡಲ್ಲ ಅಂದ್ರು. ಆ ಅಪರಿಚಿತನ ಆಸರೆಯಲ್ಲೇ ಹಿಂದಿನ ಸಾಲು ತಲುಪಿದಾಗ ಉಳಿದ ಸೈನಿಕರು ಜೈಕಾರ ಹಾಕಿದ್ರು, ಇವರು ಬಾವುಟ ಒಪ್ಪಿಸಿ ಕುಸಿದ್ರು.

"ಹಳೇ ಬಾವುಟ ನೆಲ ಮುಟ್ಟಲಿಲ್ಲ" ಅಂತ ಅವರೇ ಹೇಳಿದ್ದಾ?

ಹೌದು, ಅವರ ಹೆಸರಿನ ಜೊತೆ ಅಂಟ್ಕೊಂಡಿರೋ ಮಾತು ಇದೇ. ಹುಡುಗ್ರಾ, ನಾನು ನನ್ನ ಕರ್ತವ್ಯ ಮಾಡಿದೆ ಅಷ್ಟೇ, ಹಳೇ ಬಾವುಟ ನೆಲ ಮುಟ್ಟಲಿಲ್ಲ, ಅಂತ. ಜನ ಎರಡನೇ ಅರ್ಧ ಮಾತ್ರ ಹೇಳ್ತಾರೆ, ನನಗೆ ಮೊದಲನೇ ಅರ್ಧನೇ ಇಷ್ಟ.

ಒಂದು ಬಟ್ಟೆಗೋಸ್ಕರ ಪ್ರಾಣ ಪಣಕ್ಕಿಡೋದಾ?

ನಮ್ಮನೆ ಮಗನೇ ಕೇಳಿದ ಪ್ರಶ್ನೆ ಇದು, ತಪ್ಪು ಪ್ರಶ್ನೆ ಅಲ್ಲ. ಆಗಿನ ಕಾಲದ ಯುದ್ಧದಲ್ಲಿ ವಾಕಿಟಾಕಿ ಇಲ್ಲ, ಏನೂ ಇಲ್ಲ. ಮದ್ದಿನ ಹೊಗೆಯಲ್ಲಿ ಹತ್ತು ಮಾರು ಆಚೆ ಕಾಣಲ್ಲ, ಫಿರಂಗಿ ಸದ್ದಲ್ಲಿ ಅಧಿಕಾರಿ ಕೂಗಿದ್ದು ಕೇಳಲ್ಲ. ಬಾವುಟ ಎಲ್ಲಿದೆಯೋ ಅಲ್ಲಿ ನಮ್ಮವರಿದ್ದಾರೆ, ಬಾವುಟ ಮುಂದಕ್ಕೆ ಹೋದ್ರೆ ನಾವೂ ಹೋಗ್ಬೇಕು, ಅದು ಬಿದ್ರೆ ಸಾಲು ಚದುರಿ ಹೋಗುತ್ತೆ. ಅದಕ್ಕೇ ಶತ್ರುಗಳು ಮೊದಲು ಗುರಿ ಇಡ್ತಿದ್ದಿದ್ದು ಬಾವುಟ ಹಿಡಿದವನಿಗೆ. ಶತ್ರು ಕೈಗೆ ಬಾವುಟ ಸಿಗೋದು ಅಂದ್ರೆ ರೆಜಿಮೆಂಟಿಗೇ ಅವಮಾನ.

ಆದ್ರೆ 54ರವರಿಗೆ ಇನ್ನೂ ಒಂದು ಕಾರಣ ಇತ್ತು. ಕಪ್ಪು ಜನ ಯುದ್ಧ ಮಾಡ್ತಾರಾ, ಗುಂಡು ಹಾರಿದ್ರೆ ಓಡಿಹೋಗ್ತಾರೆ ಅಂತ ಉತ್ತರದ ಬಿಳಿಯರೇ ಪೇಪರ್‌ಗಳಲ್ಲಿ ಬರೀತಿದ್ರು. ಮತ್ತೆ ಅದು ಯಾವ ದೇಶದ ಬಾವುಟ ಹೇಳಿ? ಕಾರ್ನಿ ಹುಟ್ಟಿದಾಗ ಅವರನ್ನ ಒಂದು ವಸ್ತು ಅಂತ ಲೆಕ್ಕ ಹಾಕಿದ ದೇಶದ್ದು. 1857ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಕಪ್ಪು ಜನ ಈ ದೇಶದ ಪ್ರಜೆಗಳಲ್ಲ ಅಂತ ತೀರ್ಪು ಕೊಟ್ಟಿತ್ತು. ಪ್ರಜೆಯೇ ಅಲ್ಲ ಅನ್ನಿಸಿಕೊಂಡವನು ಅದೇ ದೇಶದ ಬಾವುಟಾನ ರಕ್ತ ಸುರಿಸ್ಕೊಂಡು ವಾಪಸ್ ತಂದ. ಮಗನಿಗೆ ಇಷ್ಟೇ ಹೇಳಿದೆ.

ಕೋಟೆ ಗೆದ್ರಾ?

ಇಲ್ಲ. ದಾಳಿ ಸೋತಿತು. ಉತ್ತರದ ಕಡೆ ಒಟ್ಟು 1,515 ಜನ ಸತ್ತು, ಗಾಯಗೊಂಡು, ಸೆರೆಸಿಕ್ಕು ಹೋದ್ರು. 54ನೇ ರೆಜಿಮೆಂಟ್ ಒಂದರದ್ದೇ 272, ಅಂದ್ರೆ ಹತ್ತಿರ ಹತ್ತಿರ ಅರ್ಧ. ಕೋಟೆಯನ್ನ ಯಾರೂ ನುಗ್ಗಿ ಗೆಲ್ಲಲೇ ಇಲ್ಲ, ಮುತ್ತಿಗೆ ಹಾಕಿ ಕೂತ ಮೇಲೆ ಸೆಪ್ಟೆಂಬರ್ 7ರ ಹೊತ್ತಿಗೆ ಒಳಗಿನವರೇ ಖಾಲಿ ಮಾಡ್ಕೊಂಡು ಹೋದ್ರು.

ಆದ್ರೆ ಕಪ್ಪು ಜನ ಓಡಿಹೋಗ್ತಾರೆ ಅನ್ನೋ ಮಾತು ಆ ರಾತ್ರಿ ಸತ್ತುಹೋಯ್ತು. ಯುದ್ಧ ಮುಗಿಯೋ ಹೊತ್ತಿಗೆ ಸುಮಾರು 1,80,000 ಕಪ್ಪು ಸೈನಿಕರು ಉತ್ತರದ ಸೇನೆಯಲ್ಲಿ ಕೆಲಸ ಮಾಡಿದ್ರು, ಹತ್ತರಲ್ಲಿ ಒಬ್ಬರು ಅಂತ ಇಟ್ಕೊಳ್ಳಿ.

ಕರ್ನಲ್ ಶಾ ಶವ ಏನಾಯ್ತು?

ಅಧಿಕಾರಿಗಳ ಶವಾನ ಮರ್ಯಾದೆಯಿಂದ ವಾಪಸ್ ಕೊಡೋದು ವಾಡಿಕೆ. ಶಾ ಅವರನ್ನ ಕೊಡಲಿಲ್ಲ, ಕಪ್ಪು ಸೈನಿಕರ ಜೊತೆ ಒಂದೇ ಗುಂಡಿಯಲ್ಲಿ ಹೂತ್ರು, ಅವಮಾನ ಮಾಡಬೇಕು ಅಂತಲೇ. ಅವರಪ್ಪ ಏನಂದ್ರು ಗೊತ್ತಾ? ಮಗನ ದೇಹ ಅಲ್ಲಿಂದ ತೆಗಿಬೇಡಿ, ಅವನ ಧೀರ ಸೈನಿಕರ ಮಧ್ಯೆ ಅವನು ಇರಲಿ, ಅದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತ.

ಮೆಡಲ್ ಆಫ್ ಆನರ್ ಅಂದ್ರೆ ನಮ್ಮ ಪರಮವೀರ ಚಕ್ರದ ಥರನಾ?

ಇವತ್ತಿನ ಲೆಕ್ಕದಲ್ಲಿ ಹೌದು, ಅಮೆರಿಕದ ಸೈನಿಕನಿಗೆ ಸಿಗೋ ಅತಿ ದೊಡ್ಡ ಗೌರವ. ಆದ್ರೆ ಅಂತರ್ಯುದ್ಧದ ಕಾಲದಲ್ಲಿ ಶೌರ್ಯಕ್ಕೆ ಅಂತ ಬೇರೆ ಪದಕ ಇರ್ಲಿಲ್ಲ, ಹಾಗಾಗಿ ಸ್ವಲ್ಪ ಧಾರಾಳವಾಗೇ ಕೊಟ್ರು. ಒಂದು ರೆಜಿಮೆಂಟಿಗಂತೂ ಅವಧಿ ಮುಗಿದ ಮೇಲೂ ಕೆಲವು ದಿನ ಉಳಿಯೋಕೆ ಒಪ್ಪಿದ್ದಕ್ಕೇ 864 ಪದಕ ಹೋಯ್ತು. ಆಮೇಲೆ 1917ರಲ್ಲಿ ಒಂದು ಸಮಿತಿ ಎಲ್ಲಾ ಪರಿಶೀಲಿಸಿ 911 ಹೆಸರು ಹೊಡೆದು ಹಾಕ್ತು. ಕಾರ್ನಿ ಪದಕ ಹಾಗೇ ಉಳೀತು, ಉಳೀಲೇಬೇಕಿತ್ತು.

1863ರ ಸಾಹಸಕ್ಕೆ 1900ರಲ್ಲಿ ಪದಕನಾ? 37 ವರ್ಷ ಯಾಕೆ? ಕಪ್ಪು ಬಣ್ಣಕ್ಕಾ?

1900ರ ಮೇ 23ಕ್ಕೆ ಕೊಟ್ರು. ಕಾರಣ ಬರೀ ಬಣ್ಣ ಅಂತ ಹೇಳಿದ್ರೆ ಸರಿಯಾಗಲ್ಲ. ಗೆಟಿಸ್‌ಬರ್ಗ್ ಯುದ್ಧದ ಹೀರೋ ಜೋಶುವಾ ಚೇಂಬರ್ಲೇನ್, ಬಿಳಿ ಕರ್ನಲ್, ಆ ಯುದ್ಧ ನಡೆದಿದ್ದು ವ್ಯಾಗ್ನರ್‌ಗಿಂತ ಎರಡೇ ವಾರ ಮುಂಚೆ, ಅವರಿಗೂ ಪದಕ ಬಂದಿದ್ದು 1893ರಲ್ಲಿ. 1890ರ ದಶಕದಲ್ಲಿ ಮುದುಕರಾಗಿದ್ದ ಎಷ್ಟೋ ಯೋಧರಿಗೆ ಹೀಗೆ ತಡವಾಗಿ ಬಂತು. ಹಾಗಂತ ಬಣ್ಣ ಲೆಕ್ಕಕ್ಕೇ ಇರ್ಲಿಲ್ಲ ಅಂತಲೂ ನಾನು ಹೇಳಲ್ಲ, ಸಂಬಳದಲ್ಲೇ ಬಣ್ಣ ನೋಡಿದ ಸೇನೆ ಅದು. ನನ್ನ ಮನಸ್ಸಿಗೆ ಚುಚ್ಚೋದು ಬೇರೆ, ಆ 37 ವರ್ಷದಲ್ಲಿ ಬಹುಪಾಲು ಅವರು ಹೆಗಲ ಮೇಲೆ ಚೀಲ ಹೊತ್ಕೊಂಡು ಬೀದಿ ಸುತ್ತಿದ್ರು ಅನ್ನೋದು.

ಮೆಡಲ್ ಆಫ್ ಆನರ್ ಪಡೆದ ಮೊದಲ ಕಪ್ಪು ವ್ಯಕ್ತಿ ಇವರೇನಾ?

ಎಲ್ಲರೂ ಎಡವೋ ಜಾಗ ಇದು. ಪದಕ ಕೈಗೆ ಬಂದ ಲೆಕ್ಕದಲ್ಲಿ ಅಲ್ಲ, 1864ರಲ್ಲೇ ರಾಬರ್ಟ್ ಬ್ಲೇಕ್ ಅನ್ನೋ ನೌಕಾಪಡೆಯವರಿಗೆ ಬಂದಿತ್ತು, 1865ರಲ್ಲಿ ನ್ಯೂ ಮಾರ್ಕೆಟ್ ಹೈಟ್ಸ್ ಯುದ್ಧದ ಕಪ್ಪು ಸೈನಿಕರಿಗೂ ಬಂತು. ಆದ್ರೆ ಪದಕ ತಂದುಕೊಟ್ಟ ಸಾಹಸ ಯಾವಾಗ ನಡೀತು ಅನ್ನೋ ಲೆಕ್ಕದಲ್ಲಿ ಕಾರ್ನಿಯದ್ದೇ ಮೊದಲು. ಹಾಗಾಗಿ ಎರಡೂ ಕಡೆಯವರು ಜಗಳ ಆಡೋದು ಬೇಡ.

ಯುದ್ಧ ಆದ್ಮೇಲೆ ಹೊಟ್ಟೆಪಾಡಿಗೆ ಏನು ಮಾಡಿದ್ರು?

ಗಾಯಗಳಿಂದಾಗಿ 1864ರ ಜೂನ್ 30ಕ್ಕೆ ಸೇನೆಯಿಂದ ಬಿಡುಗಡೆ ಆಯ್ತು, ಕಾಲು ಮುಂಚಿನ ಹಾಗೆ ಆಗಲೇ ಇಲ್ಲ. ನ್ಯೂ ಬೆಡ್‌ಫರ್ಡ್‌ಗೆ ವಾಪಸ್ ಬಂದು ಊರಿನ ಬೀದಿ ದೀಪಗಳನ್ನ ನೋಡ್ಕೊಳ್ಳೋ ಕೆಲಸ ಮಾಡಿದ್ರು. ಮಧ್ಯೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಅದೃಷ್ಟ ನೋಡಿದ್ರು, ಅಲ್ಲಿ ಕುದುರಲಿಲ್ಲ. 1869ರಲ್ಲಿ ವಾಪಸ್ ಬಂದು ಪೋಸ್ಟ್ ಆಫೀಸ್ ಸೇರಿದ್ರು, ಆ ಊರಲ್ಲಿ ಮನೆಮನೆಗೆ ಕಾಗದ ಹಂಚೋಕೆ ಮೊದಲು ನೇಮಿಸಿದ ನಾಲ್ಕು ಜನರಲ್ಲಿ ಇವರೊಬ್ಬರು.

32 ವರ್ಷ! ಗುಂಡು ತಿಂದ ಕಾಲಲ್ಲಿ. ಪೋಸ್ಟ್‌ಮ್ಯಾನ್ ಕೆಲಸ ಏನು ಅಂತ ನಾನು ಮನೆಯಲ್ಲೇ ನೋಡಿದ್ದೀನಿ. ನಮ್ಮಪ್ಪ ಮಳೆಗಾಲದಲ್ಲಿ ಕೊಪ್ಪೆ ಹಾಕ್ಕೊಂಡು ಚೀಲಕ್ಕೆ ಮೊದಲು ಪ್ಲಾಸ್ಟಿಕ್ ಸುತ್ತಿ, ಆಮೇಲೆ ತಮ್ಮ ತಲೆ ಬಗ್ಗೆ ಯೋಚನೆ ಮಾಡ್ತಿದ್ರು. ತಾವು ನೆಂದ್ರೂ ಕಾಗದ ನೆನೀಬಾರದು. ಅವರಿಗೆ ಯಾವ ಮನೆಯಲ್ಲಿ ಮಗ ಮಿಲಿಟರಿಯಲ್ಲಿದ್ದಾನೆ, ಯಾವ ಅಜ್ಜಿ ಮನಿಯಾರ್ಡರ್‌ಗೆ ಕಾಯ್ತಿದ್ದಾರೆ ಎಲ್ಲಾ ಬಾಯಿಪಾಠ. ಕಾರ್ನಿಯನ್ನೂ ನ್ಯೂ ಬೆಡ್‌ಫರ್ಡ್ ಜನ ಹಾಗೇ ದಿನಾ ಬಾಗಿಲಲ್ಲಿ ನೋಡಿರ್ತಾರೆ ಅಂತ ನಾನು ಅಂದ್ಕೋತೀನಿ, ಹಿಮದ ದಿನಗಳಲ್ಲೂ ಸೇರಿ. ಯುದ್ಧದ ಕಥೆ ಓದಿದಾಗ ರೋಮಾಂಚನ ಆಗುತ್ತೆ ಸರಿ, ಆದ್ರೆ ಅದು ಒಂದು ರಾತ್ರಿ. ಈ 32 ವರ್ಷದ ನಡಿಗೆ ಬಗ್ಗೆ ಯಾರೂ ಒಂದು ಸಾಲಿಗಿಂತ ಜಾಸ್ತಿ ಬರೆಯಲ್ಲ, ಇದು ನನ್ನ ದೊಡ್ಡ ಕೊರಗು.

ಸುಮ್ಮನೆ ಕಾಗದ ಹಂಚ್ಕೊಂಡೂ ಇರ್ಲಿಲ್ಲ ಅವರು. ಪೋಸ್ಟ್‌ಮ್ಯಾನ್‌ಗಳ ರಾಷ್ಟ್ರೀಯ ಸಂಘ 1889ರಲ್ಲಿ ಹುಟ್ತು, ಮರುವರ್ಷವೇ ನ್ಯೂ ಬೆಡ್‌ಫರ್ಡ್‌ನಲ್ಲಿ ಅದರ 18ನೇ ಶಾಖೆ ಶುರುವಾದಾಗ ಇವರೇ ಮೊದಲ ಉಪಾಧ್ಯಕ್ಷರು. ಸಂಬಳಕ್ಕೆ ಹಠ ಹಿಡಿದ ರೆಜಿಮೆಂಟಿನವರಲ್ವಾ, ಸಂಘ ಕಟ್ಟೋದು ಹೊಸದೇನಲ್ಲ.

ಮದುವೆ, ಮಕ್ಕಳು?

1865ರ ಅಕ್ಟೋಬರ್ 11ಕ್ಕೆ ಸುಸಾನಾ ವಿಲಿಯಮ್ಸ್ ಅವರ ಜೊತೆ ಮದುವೆ. ಒಬ್ಬಳೇ ಮಗಳು, ಕ್ಲಾರಾ.

ಆ ಬಾಸ್ಟನ್ ಸ್ಮಾರಕದಲ್ಲಿ ಕಾರ್ನಿ ಇದ್ದಾರಾ?

ಶಿಲ್ಪದಲ್ಲಿ ಅಂತ ಕೇಳಿದ್ರೆ ಇಲ್ಲ, ಅದರಲ್ಲಿರೋ ಸೈನಿಕರ ಮುಖಗಳಿಗೆ ಶಿಲ್ಪಿ ಅಗಸ್ಟಸ್ ಸೇಂಟ್-ಗಾಡನ್ಸ್ ಬೇರೆ ಕಪ್ಪು ಜನರನ್ನ ಕರೆಸಿ ಮಾಡೆಲ್ ಮಾಡ್ಕೊಂಡಿದ್ರು. ಒಂದೊಂದು ಮುಖನೂ ಬೇರೆ ಬೇರೆ, ಒಬ್ಬ ಗಡ್ಡದ ಮುದುಕ, ಒಬ್ಬ ಮೀಸೆ ಚಿಗುರದ ಹುಡುಗ, ಹತ್ರ ಹೋಗಿ ನೋಡಿ. ಕೆಲಸ ಮುಗಿಸೋಕೆ 10 ವರ್ಷಕ್ಕಿಂತ ಜಾಸ್ತಿ ತಗೊಂಡ್ರು. ಶುರುವಲ್ಲಿ ಅದರ ಮೇಲೆ ಸತ್ತ ಬಿಳಿ ಅಧಿಕಾರಿಗಳ ಹೆಸರು ಮಾತ್ರ ಕೆತ್ತಿದ್ರು, ಸತ್ತ ಕಪ್ಪು ಸೈನಿಕರ ಹೆಸರು ಸೇರಿಸಿದ್ದು 1980ರ ದಶಕದಲ್ಲಿ, 80ಕ್ಕೂ ಜಾಸ್ತಿ ವರ್ಷ ಆದ್ಮೇಲೆ.

1897ರ ಮೇ 31ಕ್ಕೆ ಅನಾವರಣ ಆದಾಗ ಕಾರ್ನಿ ಬಾವುಟ ಹಿಡ್ಕೊಂಡು ಬಂದಿದ್ರು. ಸಭೆ ನಡೀತಿದ್ದ ಹಾಲ್‌ನಲ್ಲಿ ಕಪ್ಪು ಜನರ ಹೆಸರಾಂತ ನಾಯಕ ಬುಕರ್ ಟಿ. ವಾಷಿಂಗ್ಟನ್ (ಅವರೂ ಗುಲಾಮರಾಗಿ ಹುಟ್ಟಿದವರೇ) ಭಾಷಣ ಮಾಡ್ತಾ, 54ನೇ ರೆಜಿಮೆಂಟಿನಲ್ಲಿ ಬದುಕುಳಿದಿದ್ದ ಯೋಧರ ಕಡೆ ತಿರುಗಿ ಕಾರ್ನಿ ಹೆಸರು ಹೇಳಿದ್ರು. ಯಾರೂ ಹೇಳಿಕೊಡದೇನೇ ಕಾರ್ನಿ ಎದ್ದು ನಿಂತು ಬಾವುಟ ಎತ್ತಿ ಹಿಡಿದ್ರು. ಹಾಲ್‌ಗೆ ಹಾಲೇ ಹುಚ್ಚೆದ್ದು ಹೋಯ್ತು, ಅಂಥದ್ದನ್ನ ನಾನು ಬೇರೆಲ್ಲೂ ನೋಡಿಲ್ಲ ಅನ್ನೋ ಹಾಗೆ ವಾಷಿಂಗ್ಟನ್ ಆಮೇಲೆ ಬರ್ಕೊಂಡಿದ್ದಾರೆ. ಆಗಿನ್ನೂ ಪದಕ ಬಂದಿರ್ಲಿಲ್ಲ. ಮಾರನೇ ದಿನ ಮತ್ತೆ ಚೀಲ, ಮತ್ತೆ ಕಾಗದ.

ಸತ್ತಿದ್ದು ಹೇಗೆ?

ಪೋಸ್ಟ್ ಆಫೀಸಿಂದ ರಿಟೈರ್ ಆದ್ಮೇಲೆ ಬಾಸ್ಟನ್‌ನ ಸ್ಟೇಟ್ ಹೌಸ್‌ನಲ್ಲಿ ಮೆಸೆಂಜರ್ ಕೆಲಸ ಸಿಕ್ತು, ಕಚೇರಿಯಿಂದ ಕಚೇರಿಗೆ ಕಾಗದ ಪತ್ರ ಒಯ್ಯೋದು. 1908ರ ನವೆಂಬರ್‌ನಲ್ಲಿ ಅಲ್ಲೇ ಲಿಫ್ಟ್‌ಗೆ ಕಾಲು ಸಿಕ್ಕಿ ಜೋರು ಪೆಟ್ಟಾಯ್ತು, ಡಿಸೆಂಬರ್‌ನಲ್ಲಿ ಬಾಸ್ಟನ್ ಆಸ್ಪತ್ರೆಯಲ್ಲಿ ತೀರ್ಕೊಂಡ್ರು. 68 ವರ್ಷ. ಸ್ಟೇಟ್ ಹೌಸ್ ಮೇಲಿನ ಬಾವುಟ ಅವರಿಗೋಸ್ಕರ ಅರ್ಧಕ್ಕೆ ಇಳಿಸಿದ್ರು.

ಈಗ ಹೋದ್ರೆ ಏನೇನು ನೋಡಬಹುದು?

ಫೋರ್ಟ್ ವ್ಯಾಗ್ನರ್ ನೋಡೋಕೆ ಆಗಲ್ಲ, ಆ ಮರಳನ್ನೆಲ್ಲಾ ಸಮುದ್ರ ತಿಂದು ಹಾಕಿದೆ. ನ್ಯೂ ಬೆಡ್‌ಫರ್ಡ್‌ನ ಮಿಲ್ ಸ್ಟ್ರೀಟ್‌ನಲ್ಲಿ ಅವರ ಮನೆ ಇದೆ, ಅವರ ಹೆಸರಿನ ಒಂದು ಶಾಲೆ ಇದೆ. ಓದು ಕಲಿಯೋಕೆ ಬಚ್ಚಿಟ್ಕೋಬೇಕಾಗಿದ್ದವರ ಹೆಸರಲ್ಲಿ ಶಾಲೆ! ಸಮಾಧಿ ಅದೇ ಊರಿನ ಓಕ್ ಗ್ರೋವ್ ಸ್ಮಶಾನದಲ್ಲಿ, ಕಲ್ಲಿನ ಮೇಲೆ ಪದಕದ ಚಿತ್ರ ಚಿನ್ನದ ಬಣ್ಣದಲ್ಲಿ.

ಆ ಬಾವುಟ ಈಗಲೂ ಇದೆಯಾ?

ಇದೆ. ಯುದ್ಧ ಮುಗಿದ ಮೇಲೆ ಮ್ಯಾಸಚೂಸೆಟ್ಸ್‌ನ ರೆಜಿಮೆಂಟ್‌ಗಳೆಲ್ಲ ತಮ್ಮ ಬಾವುಟಗಳನ್ನ ರಾಜ್ಯಕ್ಕೆ ಒಪ್ಪಿಸಿದ್ವು, ಅವನ್ನ ಇಟ್ಟಿರೋದು ಸ್ಟೇಟ್ ಹೌಸ್‌ನಲ್ಲೇ. 1863ರಲ್ಲಿ 23ರ ಹುಡುಗನಾಗಿ ಯಾವ ಕಟ್ಟಡದ ಮುಂದೆ ಮಾರ್ಚ್ ಮಾಡಿ ಹೋದ್ರೋ, 1897ರಲ್ಲಿ ಯಾವ ಕಟ್ಟಡದ ಎದುರು ಸ್ಮಾರಕ ಎದ್ದಿತೋ, ಅದೇ ಕಟ್ಟಡದಲ್ಲಿ, ಆ ಬಾವುಟ ಇದ್ದ ಛಾವಣಿ ಕೆಳಗೇ, ಕೊನೇ ವರ್ಷಗಳಲ್ಲಿ ಅವರು ಕುಂಟ್ಕೊಂಡು ಕಾಗದ ಪತ್ರ ಒಯ್ತಿದ್ರು.